ಅಕ್ಕಾರ ವಿಮಾನ ಇಳಿಸಿದ್ದು

ನಮ್ಮ ಮನೆಯಲ್ಲಿ ಆಗಾಗ ವಿಮಾನ ಬೀಳುತ್ತಲೇ ಇರುತ್ತದೆ, ಬಿದ್ದಾಗಲೆಲ್ಲ ನಾಲ್ಕು ಮಂದಿ ನಗುವಂಥದ್ದು ಏನಾದರೂ ಆಗಿಯೇ ಆಗುತ್ತದೆ. ಬೀಳಿಸುವವಳು ನಾನೇ. ಹಗಲು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ, ಸಂಜೆ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುತ್ತೇನೆ. ಈ ಆಟವನ್ನು ಮನೆಗೆ ತಂದವರು ನನ್ನ ಗಂಡ. ಮೊದಲ ದಿನವೇ ಆಕಾಶದಲ್ಲಿ ಒಂದು ಪಲ್ಟಿ ಹೊಡೆದು, ತಲೆ ತಿರುಗಿ, ಲಿಂಬೆಹಣ್ಣು ಮೂಸುತ್ತ ಮಲಗಿಬಿಟ್ಟರು. ತಂದ ಸಾಮಾನು ಸುಮ್ಮನೆ ಧೂಳು ತಿನ್ನಬಾರದೆಂದು ನಾನು ಕೂತೆ. ಕೂತವಳು ಇನ್ನೂ ಎದ್ದಿಲ್ಲ.

ನನ್ನ ಜೊತೆಗಾರರು ಮೂವರು. ಇಂಡಿ ಪೇಟೆಯಲ್ಲಿ ಲಿಂಬೆ ವ್ಯಾಪಾರ ಮಾಡುವವರು ನಮ್ಮ ಕ್ಯಾಪ್ಟನ್. ಇನ್ನೊಬ್ಬರು ಮುದ್ದೇಬಿಹಾಳದ ದನದ ಡಾಕ್ಟರು, ಮತ್ತೊಬ್ಬರು ಬಸವನ ಬಾಗೇವಾಡಿಯ ಬಟ್ಟೆ ಅಂಗಡಿಯವರು. ಅವರವರ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ನಾಲ್ವರೂ ಒಂದೇ ಆಕಾಶದಲ್ಲಿ ಹಾರುತ್ತೇವೆ. ಪುಣೆಯ ಒಂದು ತಂಡ ನಮ್ಮನ್ನು ಭಾನುವಾರದ ಪಂದ್ಯಕ್ಕೆ ಕರೆಯಿತು. ವೈರಿಯನ್ನು ಹೊಡೆದರೆ ಸಾಲದು, ಯಾರು ಹೆಚ್ಚು ವಿಮಾನಗಳನ್ನು ಸುರಕ್ಷಿತವಾಗಿ ವಾಪಸು ಇಳಿಸುತ್ತಾರೋ ಅವರೇ ಗೆದ್ದಂತೆ. ನನ್ನ ಸಂಕಟ ಅಲ್ಲೇ ಇತ್ತು. ನಾನು ಏರಬಲ್ಲೆ, ತಿರುಗಬಲ್ಲೆ, ಆದರೆ ಅಲ್ಲಿಯವರೆಗೆ ಒಮ್ಮೆಯೂ ಇಳಿದಿರಲಿಲ್ಲ.

"ಅಕ್ಕಾರ, ಇದೊಂದು ಐತವಾರ ನೋಡೂಣ್ರಿ," ಎಂದರು ಕ್ಯಾಪ್ಟನ್. "ಈ ಸಲಾನೂ ಬಿದ್ರ ನಿಮ್ಮ ಜಾಗಾಕ್ಕ ತಾಳಿಕೋಟಿಯವರೊಬ್ಬರು ಬರ್ತೇನಂತ ನಿಂತಾರ."

ನನಗೆ ಆ ಜಾಗ ಬೇಕಿತ್ತು. ಸಾಲಿಯ ನೌಕರಿ, ಸಂಸಾರ ಎಲ್ಲ ತಾವಾಗಿ ಬಂದವು. ಇದೊಂದನ್ನು ನಾನೇ ಆರಿಸಿಕೊಂಡಿದ್ದೆ.

ಗಿಡ ತೆಗೆದದ್ದು

ನಮ್ಮ ಕಂಪ್ಯೂಟರ್ ಸ್ವಲ್ಪ ಹಳೆಯದು. ವಿಮಾನ ತಿರುಗಿದಾಗ ಚಿತ್ರ ಜಗ್ಗಿ ಜಗ್ಗಿ ನಿಲ್ಲುತ್ತಿತ್ತು. ಇಳಿಯುವ ಹೊತ್ತಿಗೆ ಹೀಗೆ ನಿಂತರೆ ಮುಗಿದೇ ಹೋಯಿತು. "ಅದರ ಮ್ಯಾಲಿನ ಭಾರ ಇಳಸ್ರಿ," ಎಂದರು ಕ್ಯಾಪ್ಟನ್. ಸೆಟ್ಟಿಂಗ್‌ಗೆ ಹೋಗಿ ಮೊದಲು ನೆರಳು ತೆಗೆದೆ, ಆಮೇಲೆ ಮೋಡ, ಆಮೇಲೆ ಗಿಡ, ಕಡೆಗೆ ನೀರಿನ ಅಲೆ. ಒಂದೊಂದು ತೆಗೆದಂತೆ ವಿಮಾನ ಬೆಣ್ಣೆಯಂತೆ ಸಾಗತೊಡಗಿತು.

ಚಹಾ ತಂದ ನಮ್ಮತ್ತೆ ಪರದೆಯನ್ನು ಬಗ್ಗಿ ನೋಡಿದರು.

"ಮೊನ್ನೆ ಇಲ್ಲೆ ಗಿಡ ಇದ್ದೂವಲ್ಲ?"

"ತೆಗದೇನ್ರಿ ಅತ್ತಿ."

"ಮೋಡ?"

"ಅವನ್ನೂ ತೆಗದೇನ್ರಿ."

"ಇಷ್ಟೆಲ್ಲಾ ತೆಗದ ಮ್ಯಾಲ ಇದು ನಮ್ಮ ಕನ್ನೊಳ್ಳಿ ಹೊಲ ಆತಲ್ಲ. ಇದನ್ನ ನೋಡಾಕ ಕರೆಂಟ್ ಯಾಕ ಬೇಕು? ಮಾಳಗಿ ಹತ್ತಿದ್ರ ಕಾಣ್ತೈತಿ."

ಜೊತೆಗಾರರ ಕಂಪ್ಯೂಟರುಗಳದೂ ಇದೇ ಕಥೆ, ಅವರೂ ಭಾರ ಇಳಿಸಿದರು. ಬಾಗೇವಾಡಿಯವರು ಮಾತ್ರ ನೀರನ್ನು ತೆಗೆಯಲು ಒಪ್ಪಲಿಲ್ಲ. ಅವರ ಹೊಲ ಮುಳವಾಡದ ಕಡೆ. "ಗಿಡ ತೆಗಿ ಅಂದ್ರಿ, ತೆಗದೆ. ನೀರಿಗೆ ಕೈ ಹಚ್ಚಂಗಿಲ್ರಿ. ನಮ್ಮ ಹೊಲಕ್ಕ ಕಾಲುವಿ ನೀರು ಬರೂದನ್ನ ನಮ್ಮಪ್ಪ ಮುದಕ ಆಗೂತನಕ ಕಾದಾನ. ಬಂದ ನೀರು ನನ್ನ ಕೈಯಾರೆ ತೆಗೀಲೇನು?" ಎಂದರು. ಹಾಗಾಗಿ ಹೊಳೆ ಬಂದಲ್ಲೆಲ್ಲ ಅವರ ವಿಮಾನ ಕುಂಟುತ್ತದೆ. ಅವರು ದಾಟಿ ಬರುವವರೆಗೆ ನಾವು ಮೂವರೂ ಆಚೆ ದಂಡೆಯ ಮೇಲೆ ಸುತ್ತು ಹೊಡೆಯುತ್ತ ಕಾಯುತ್ತೇವೆ.

ನಾಷ್ಟಾ ಆತೇನ್ರಿ

ಯುದ್ಧದಲ್ಲಿ ಹಿಂದೆ ಯಾರಾದರೂ ಬಂದರೆ ಜೊತೆಗಾರರು ತಟ್ಟನೆ ಎಚ್ಚರಿಸಬೇಕು. ನನ್ನ ಹಿಂದಿನ ಆಕಾಶ ನೋಡಿಕೊಳ್ಳುವ ಕೆಲಸ ದನದ ಡಾಕ್ಟರದ್ದು. ಒಂದು ಸಂಜೆ ಹೆಡ್‌ಫೋನಿನಲ್ಲಿ ಅವರ ದನಿ ಬಂತು.

"ಅಕ್ಕಾರ, ನಮಸ್ಕಾರ್ರಿ."

"ನಮಸ್ಕಾರ್ರಿ ಡಾಕ್ಟರ."

"ಆರಾಮ ಅದೀರೇನ್ರಿ? ನಾಷ್ಟಾ ಆತೇನ್ರಿ?"

"ಆತ್ರಿ. ಅವಲಕ್ಕಿ ಮಾಡಿದ್ವಿ. ನಿಮ್ದು?"

"ನಮ್ದೂ ಆತ್ರಿ. ಮತ್ತ, ನಿಮ್ಮ ಹಿಂದ ಒಬ್ಬಾಂವ ಬಂದಾನ ನೋಡ್ರಿ."

ನೋಡಲು ಏನೂ ಉಳಿದಿರಲಿಲ್ಲ. ನನ್ನ ರೆಕ್ಕೆ ಆಗಲೇ ಉರಿಯುತ್ತಿತ್ತು.

ಕ್ಯಾಪ್ಟನ್ ಸಿಟ್ಟಾದರು. ಡಾಕ್ಟರೂ ಬಿಡಲಿಲ್ಲ: "ಹೆಣ್ಣಮಕ್ಕಳ ಜೋಡಿ ಮಾತಾಡೂವಾಗ ಆರಾಮ ಕೇಳದ ಒಮ್ಮಿಗೇ ವೈರಿ ಸುದ್ದಿ ಹೆಂಗ ತಗೀಲ್ರಿ?" ಕಡೆಗೆ ಒಂದು ರಾಜಿಯಾಯಿತು. ಕುಶಲ ವಿಚಾರಣೆಯೆಲ್ಲ ಹಾರುವ ಮೊದಲೇ, ರನ್‌ವೇ ಮೇಲೆ ಮುಗಿಯಬೇಕು. ಮರುದಿನ ಸಾಲಾಗಿ ನಿಂತು ಮಳೆ, ಬೆಳೆ, ಮಕ್ಕಳ ಪರೀಕ್ಷೆ, ಕ್ಯಾಪ್ಟನ್ನರ ತಾಯಿಯ ಮೊಣಕಾಲು ನೋವು ಎಲ್ಲ ಕೇಳಿದೆವು. ಅಷ್ಟರಲ್ಲಿ ವೈರಿ ಬಂದು ನಾಲ್ವರನ್ನೂ ನಿಂತಲ್ಲೇ ಸುಟ್ಟು ಹೋದ.

ಅದಕ್ಕ ಸೆಕಿ ಆಗೈತಿ

ಬೇಸಿಗೆಯಲ್ಲಿ ಕಂಪ್ಯೂಟರ್ ಕಾದು ತಾನೇ ಬಂದಾಗುತ್ತಿತ್ತು. ಅದಕ್ಕೆಂದು ಮನೆಯ ಕೂಲರಿನ ಮುಖವನ್ನು ನಾನು ಅದರ ಕಡೆಗೇ ತಿರುಗಿಸಿಟ್ಟಿದ್ದೆ. ಒಂದು ಸಂಜೆ ನಮ್ಮ ಹೆಡ್‌ಮಾಸ್ತರು ಗಂಡನನ್ನು ಕಾಣಲು ಬಂದರು. ಬೆವರುತ್ತಿದ್ದವರನ್ನು ಕಂಡು ಅತ್ತೆ ಕೂಲರನ್ನು ಅವರ ಕಡೆ ತಿರುಗಿಸಿದರು. ಒಳಗೆ ನನ್ನ ವಿಮಾನ ಗಕ್ಕನೆ ನಿಂತಿತು.

"ಕೂಲರ್ ಈ ಕಡೆ ತಿರಗಸ್ರಿ ಅತ್ತಿ, ಅದು ಸುಡಾಕತ್ತೈತಿ," ಎಂದು ಒಳಗಿನಿಂದಲೇ ಕೂಗಿದೆ.

ಹೆಡ್‌ಮಾಸ್ತರು ಅವಸರದಿಂದ ಎದ್ದರು. "ನನಗೇನೂ ಸೆಕಿ ಇಲ್ರಿ. ಅದಕ್ಕ ಹಚ್ಚ್ರಿ ಮೊದಲ," ಎಂದು ತಾವೇ ಕೂಲರ್ ತಿರುಗಿಸಿ, ಚಹಾ ಕೂಡ ಕುಡಿಯದೆ ಹೋದರು. ಮರುದಿನ ಸ್ಟಾಫ್ ರೂಮಿನಲ್ಲಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮನ್ಯಾಗ ಕೂಸಿನ ಜ್ವರ ಇಳೀತೇನ್ರಿ?"

ಉಡಿ

ಇಳಿಯುವಾಗ ನಾನು ಮಾಡುವ ತಪ್ಪು ಎಲ್ಲರಿಗೂ ಗೊತ್ತಿತ್ತು. ನೆಲ ಮೇಲೆ ಬಂದಂತೆ ಕಂಡ ಕೂಡಲೇ ಹೆದರಿ, ವಿಮಾನ ನಡೆಸುವ ಕೋಲನ್ನು ಜಗ್ಗುತ್ತೇನೆ. ಮೂತಿ ಮೇಲೇಳುತ್ತದೆ, ವೇಗ ಸಾಯುತ್ತದೆ, ವಿಮಾನ ಜೋಳದ ಚೀಲದಂತೆ ಬೀಳುತ್ತದೆ. ರೆಕ್ಕೆಯನ್ನು ಗಾಳಿ ಹೇಗೆ ಎತ್ತುತ್ತದೆಂದು ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವಳು ನಾನು, ಆದರೆ ನನ್ನ ಕೈಗೆ ಆ ಪಾಠ ಹತ್ತಲಿಲ್ಲ. "ಎಲ್ಲಾ ಹೊಂದಿಸಿದ ಮ್ಯಾಲ ಅದು ತಾನಾ ಇಳೀತೈತ್ರಿ, ಜಗ್ಗಬ್ಯಾಡ್ರಿ," ಎಂದು ಕ್ಯಾಪ್ಟನ್ ಹೇಳಿ ಹೇಳಿ ದಣಿದಿದ್ದರು.

ಭಾನುವಾರ ಪಂದ್ಯ ನಡೆಯಿತು. ಬಾಗೇವಾಡಿಯವರು ಹೊಳೆಯ ಮೇಲೆ ಸಿಕ್ಕಿಬಿದ್ದು ಗುಂಡು ತಿಂದರು. ಡಾಕ್ಟರೂ ಬಿದ್ದರು. ಕ್ಯಾಪ್ಟನ್ ಒಬ್ಬರು ಇಳಿದರು. ಪುಣೆಯವರದೂ ಒಂದೇ ವಿಮಾನ ಇಳಿದಿತ್ತು. ಆಕಾಶದಲ್ಲಿ ಉಳಿದವಳು ನಾನೊಬ್ಬಳೇ. ಇಳಿದರೆ ಗೆಲುವು, ಬಿದ್ದರೆ ನನ್ನ ಜಾಗ ತಾಳಿಕೋಟೆಗೆ.

ತಲೆ ಹೊರಳಿಸಿದ ಕಡೆಗೆ ಪರದೆಯ ನೋಟವೂ ಹೊರಳುವಂತೆ ಮಾಡುವ ಸಣ್ಣ ಯಂತ್ರವೊಂದನ್ನು ನನ್ನ ಟೋಪಿಗೆ ಸಿಕ್ಕಿಸಿರುತ್ತೇನೆ. ಅದನ್ನು ಹಾಕಿಕೊಂಡು ರನ್‌ವೇಗೆ ನೇರ ಬಂದೆ, ಚಕ್ರ ಇಳಿಸಿದೆ, ವೇಗ ತಗ್ಗಿಸಿದೆ. ಆಗಲೇ ಅತ್ತೆ ಪಕ್ಕದ ಮನೆಯಾಕೆಯನ್ನು ಕರೆದುಕೊಂಡು ಕೋಣೆಗೆ ಬಂದರು. ಆಕೆಯ ಕೈಯಲ್ಲಿ ಕುಂಕುಮದ ಭರಣಿ, ತೆಂಗಿನಕಾಯಿ, ಅಕ್ಕಿ, ಖಣ.

"ಅಕ್ಕಾರ, ಮಗಳ ಲಗ್ನ ಐತ್ರಿ. ಉಡಿ ತುಂಬಿ ಕರ್ಯಾಕ ಬಂದೇನಿ."

"ಒಂದ ನಿಮಿಷ್ರಿ, ಇಳ್ಯಾಕತ್ತೇನಿ."

"ಮುತ್ತೈದಿ ಕುಂಕುಮ ಹಿಡಕೊಂಡು ಬಂದಾಳ, ನಿಂದ್ರಸಬ್ಯಾಡ," ಎಂದರು ಅತ್ತೆ.

ಆಕೆ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದಳು. ಪರದೆಯೂ ಮೇಲೆ ನೋಡಿತು. ಮೋಡವನ್ನೂ ತೆಗೆದಿದ್ದೆನಲ್ಲ, ಬರೀ ನೀಲಿ ಆಕಾಶ, ನೆಲ ಎಲ್ಲೂ ಇಲ್ಲ. ಆಕೆ ಕುಂಕುಮವನ್ನು ಸಾವಕಾಶ, ದುಂಡಗೆ ಹಚ್ಚತೊಡಗಿದಳು.

"ಉಡಿ ಒಡ್ಡು," ಎಂದರು ಅತ್ತೆ.

ನಾನು ಎಡಗೈಯಿಂದ ಸೆರಗು ಹಿಡಿದೆ.

"ಒಂದ ಕೈಲೆ ಉಡಿ ಒಡ್ಡತಾರೇನು?"

ಬೇರೆ ದಾರಿ ಇರಲಿಲ್ಲ. ಕೋಲು ಬಿಟ್ಟೆ, ಎರಡೂ ಕೈಯಿಂದ ಸೆರಗು ಒಡ್ಡಿದೆ. ಹೋಯಿತು ನನ್ನ ಜಾಗ ಎಂದು ಕಣ್ಣು ಮುಚ್ಚಿದೆ. ಅಕ್ಕಿ ಬಿತ್ತು, ಕಾಯಿ ಬಿತ್ತು, ಜಂಪರಿನ ಖಣ ಬಿತ್ತು. ಅದರ ಬೆನ್ನಿಗೇ ಹೆಡ್‌ಫೋನಿನಲ್ಲಿ ಚಕ್ರ ನೆಲಕ್ಕೆ ತಾಗಿ ಕಿರ್ರೆಂದ ಸದ್ದು. ಕಣ್ಣು ತೆಗೆದು ಮುಖ ಇಳಿಸಿದರೆ ವಿಮಾನ ರನ್‌ವೇ ಮೇಲೆ ಸುಮ್ಮನೆ ಓಡುತ್ತಿತ್ತು. ಜಗ್ಗಲು ಕೈಯೂ ಖಾಲಿ ಇರಲಿಲ್ಲ, ಹೆದರಲು ನೆಲವೂ ಕಂಡಿರಲಿಲ್ಲ, ಅದು ತಾನಾಗಿ ಇಳಿದಿತ್ತು. ಮಡಿಲಲ್ಲಿ ಕಾಯಿ ಇಟ್ಟುಕೊಂಡೇ ಬ್ರೇಕ್ ಹಾಕಿದೆ.

ನನಗೆ ಖುಷಿ ತಡೆಯಲಾಗದೆ ಅಳು ಬಂತು. ಪಕ್ಕದ ಮನೆಯಾಕೆ ಅದನ್ನು ನೋಡಿ, "ಹೆಣ್ಣಮಕ್ಕಳನ್ನ ಕೊಡೂದಂದ್ರ ಹಿಂಗ ನೋಡ್ರಿ ಅಕ್ಕಾರ," ಎಂದು ನನ್ನನ್ನು ತಬ್ಬಿಕೊಂಡು ತಾನೂ ಅತ್ತಳು. ಅತ್ತೆಯೂ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಕ್ಯಾಪ್ಟನ್ನರ ದನಿ ಬಂತು. "ಗೆದ್ವಿರಿ ಅಕ್ಕಾರ. ಪುಣೇದವ್ರು ಕೇಳಾಕತ್ತಾರ, ಅಷ್ಟು ಹಗರಕ ಹೆಂಗ ಇಳಿಸಿದ್ರಂತ. ಏನ್ ಹೇಳ್ಲಿ?"

"ಪಕ್ಕದ ಮನಿಯವ್ರು ಲಗ್ನಕ್ಕ ಕರ್ಯಾಕ ಬಂದು ಉಡಿ ತುಂಬಿದ್ರಂತ ಹೇಳ್ರಿ."

ಕ್ಯಾಪ್ಟನ್ ಲಿಂಬೆಯ ಸೌದಾ ಮಾಡುವಷ್ಟೇ ಗಂಭೀರವಾಗಿ ಕೇಳಿದರು:

"ನಿಮ್ಮ ಜಾಗಾ ನಿಮ್ಮದ ಆತ್ರಿ, ಅದರಾಗ ಮಾತಿಲ್ಲ. ಆದ್ರ ಮುಂದಿನ ಪಂದ್ಯ ಆಷಾಢದಾಗ ಬರ್ತೈತಿ. ಆವಾಗ ಲಗ್ನ ಇರಂಗಿಲ್ಲ. ಹೆಂಗ ಇಳೀತೀರಿ?"