ಅತ್ತೆಯ ಟಿಕೆಟ್ ಫುಕಟ್ ಅಲ್ಲ

ನಮ್ಮ ಅತ್ತೆಗೆ ಈ ದೇಶದ ಯಾವ ವಿಮಾನ ಕಂಪನಿಯ ಮೇಲೂ ಒಳ್ಳೆಯ ಅಭಿಪ್ರಾಯವಿಲ್ಲ. ಆ ಕಂಪನಿಗಳಿಗೂ ಅತ್ತೆಯ ಬಗ್ಗೆ ಇರಲಾರದು. ಹಿಡಿಯಷ್ಟು ಸೀಟನ್ನು ಬೆಟ್ಟದಂಥ ಬೆಲೆಗೆ ಮಾರುವವರು ಅವರು. ಅದೇ ಸೀಟನ್ನು ಕ್ರೆಡಿಟ್ ಕಾರ್ಡಿನ ಪಾಯಿಂಟ್ ಕೊಟ್ಟು ಕಿತ್ತುಕೊಳ್ಳದಿದ್ದರೆ ಉಂಡ ಅನ್ನ ಅರಗದವಳು ಈಕೆ. ಇಂಥವರ ನಡುವೆ ಸ್ನೇಹ ಎಲ್ಲಿಂದ ಬರಬೇಕು?

ಅತ್ತೆ ಎಂದರೆ ಅಪ್ಪನ ಅಕ್ಕ. ಧಾರವಾಡದವಳು. ಮದುವೆಯಾಗಲಿಲ್ಲ. ಬ್ಯಾಂಕಿನ ಕೆಲಸದಲ್ಲಿ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಗಾಜುವಾಕದಲ್ಲಿ ಬಾಡಿಗೆ ಮನೆ ಹಿಡಿದಳು. ಅಪ್ಪ, ಅಮ್ಮ ವಿಜಯವಾಡದ ಪಟಮಟದಲ್ಲಿದ್ದಾರೆ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ವಿಶಾಖಪಟ್ಟಣದ ಔಷಧಿ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಾಗ ಸೂಟ್‌ಕೇಸ್ ಹಿಡಿದು ಅತ್ತೆಯ ಮನೆ ಸೇರಿದೆ. ಬಾಗಿಲಲ್ಲೇ ಆಕೆ ಕೇಳಿದ ಮೊದಲ ಪ್ರಶ್ನೆ, "ನಿನ್ನ ಕಡೆ ಯಾವ ಕಾರ್ಡ್ ಅದ?"

"ಡೆಬಿಟ್ ಕಾರ್ಡ್," ಎಂದೆ. ನಾನು ಬರಿಗಾಲಲ್ಲಿ ವಿಜಯವಾಡದಿಂದ ನಡೆದು ಬಂದಿದ್ದರೂ ಆಕೆಗೆ ಅಷ್ಟು ಮರುಕ ಹುಟ್ಟುತ್ತಿರಲಿಲ್ಲ.

ಅತ್ತೆಯ ಶಾಸ್ತ್ರ ಸರಳ. ಕಾರ್ಡ್ ಉಜ್ಜಿದರೆ ಪಾಯಿಂಟ್, ಪಾಯಿಂಟ್ ಕೂಡಿದರೆ ಮೈಲು, ಮೈಲು ಕೊಟ್ಟರೆ ಸೀಟು. ಆದ್ದರಿಂದ ಜಗತ್ತಿನಲ್ಲಿ ಯಾರೇ ಎಲ್ಲೇ ನಗದು ಎಣಿಸಿದರೂ ಅದು ತನ್ನ ಮನೆಯ ನಲ್ಲಿಯಿಂದಲೇ ಸೋರಿದಂತೆ ಆಕೆಗೆ ಸಂಕಟ. ಒಮ್ಮೆ ವಿಜಯವಾಡದ ಹೋಟೆಲಿನಲ್ಲಿ ನಾವೆಲ್ಲ ಊಟಕ್ಕೆ ಕೂತಿದ್ದೆವು. ಪಕ್ಕದ ಉದ್ದ ಮೇಜಿನಲ್ಲಿ ಯಾರದೋ ಎರಡು ಮನೆಯವರು ಹೆಣ್ಣು ಗಂಡಿನ ಮಾತುಕತೆಗೆ ಸೇರಿದ್ದರು. ಬಿಲ್ ಬಂತು. ಹೆಣ್ಣಿನ ಕಡೆಯ ಯಜಮಾನರು ನೋಟಿನ ಕಟ್ಟು ತೆಗೆದದ್ದೇ ತಡ, ಅತ್ತೆ ಎದ್ದು ಹೋಗಿ, ನಗದು ನನಗೆ ಕೊಡಿ, ಕಾರ್ಡ್ ನಾನು ಹಾಕುತ್ತೇನೆ ಎಂದು ತೆಲುಗಿನಲ್ಲಿ ವಿನಯದಿಂದ ಕೇಳಿದಳು. ಯಜಮಾನರು ತಬ್ಬಿಬ್ಬಾಗಿ ಕೊಟ್ಟೇಬಿಟ್ಟರು. ಅಷ್ಟರಲ್ಲಿ ಕಾರ್ಡ್ ಮಾತ್ರ ಕಂಡ ಗಂಡಿನ ಅಜ್ಜ, ಈಕೆ ಹೆಣ್ಣಿನ ಕಡೆಯ ಹಿರಿಯಳೆಂದು ತಿಳಿದು ಎದ್ದು ಕೈಮುಗಿದು, ಸಂಬಂಧ ತಮಗೆ ಒಪ್ಪಿಗೆ ಎಂದು ಘೋಷಿಸಿದರು. ಅಪ್ಪ ಮಜ್ಜಿಗೆ ಲೋಟದ ಹಿಂದೆ ಮುಖ ಅಡಗಿಸಲು ನೋಡಿದರು. ಲೋಟ ಸಣ್ಣದಿತ್ತು.

ಹೀಗೆ ಕೂಡಿಸಿದ ಸೀಟುಗಳನ್ನು ಆಕೆ ನಮಗೆಲ್ಲ ಹಂಚುತ್ತಿದ್ದಳು. ಬೇಡವೆನ್ನುವ ಹಕ್ಕು ಯಾರಿಗೂ ಇರಲಿಲ್ಲ. ಪಾಯಿಂಟ್‌ಗೆ ಸಿಗುವ ಸೀಟು ನೇರ ದಾರಿಯಲ್ಲಿ ಎಲ್ಲಿರುತ್ತದೆ? ಬೆಂಗಳೂರಿಗೆ ಹೊರಟ ಅಪ್ಪನನ್ನು ಒಮ್ಮೆ ಕೋಲ್ಕತ್ತಾ ಮೇಲೆ ಕಳಿಸಿದಳು. ಅಪ್ಪ ಅಲ್ಲಿಂದ ಫೋನ್ ಮಾಡಿದರು. "ಅಕ್ಕಾ, ರೈಲಿನ್ಯಾಗ ಹೊಂಟಿದ್ರ ಇಷ್ಟೊತ್ತಿಗೆ ಮುಟ್ಟಿ ಊಟಾ ಮಾಡಿ ಮಲಗಿರತಿದ್ದೆ."

"ರೈಲಿನ್ಯಾಗ ನಿನಗ ಯಾರು ಕೋಲ್ಕತ್ತಾ ತೋರಸ್ತಿದ್ರು?" ಎಂದು ಅತ್ತೆ ಫೋನ್ ಇಟ್ಟಳು.

ಒಮ್ಮೆ ಅವಧಿ ಮುಗಿಯಿತೆಂದು ಕಂಪನಿಯೊಂದು ಆಕೆಯ ಪಾಯಿಂಟ್‌ಗಳನ್ನು ಅಳಿಸಿಹಾಕಿತು. ಅತ್ತೆ ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದಳು. "ಅವಧಿ ಮುಗೀತು ಅಂದ್ರ? ಅವೇನು ಹಾಲೇನ್ರಿ, ಒಡ್ಯಾಕ?" ಅತ್ತ ಫೋನ್ ಎತ್ತಿದ ಹುಡುಗಿ ಮೇಲಿನವರಿಗೆ ಕೊಟ್ಟಳು, ಅವರು ಇನ್ನೂ ಮೇಲಿನವರಿಗೆ. ಅವರು ಹಾಕಿದ ಸಂಗೀತ ಕೇಳುತ್ತಲೇ ಅತ್ತೆ ರೊಟ್ಟಿ ಬಡಿದಳು, ಪಲ್ಯ ಮಾಡಿದಳು, ಪಾತ್ರೆಯನ್ನೂ ತೊಳೆದಳು. ಕೊನೆಗೆ ಸೋತು ಪಾಯಿಂಟ್ ಮರಳಿಸಿದ ಅಧಿಕಾರಿ, ಬೇರೇನಾದರೂ ಸಹಾಯ ಬೇಕೇ ಎಂದು ವಾಡಿಕೆಯಂತೆ ಕೇಳಿದ. ಪಾಪ, ಕೇಳಬಾರದಿತ್ತು. ಇನ್ನೂ ಎರಡು ದೂರು ಬಾಕಿ ಇದ್ದವು.

ಆಕೆಗೆ ಸಹಿಸಲಾಗದ ಮಾತು ಒಂದೇ. ಮೇಲಿನ ಮನೆಯಾಕೆ ಒಮ್ಮೆ, "ಫ್ರೀ ಟಿಕೆಟ್ ಕದಂಡಿ?" ಎಂದು ತೆಲುಗಿನಲ್ಲಿ ಕೇಳಿದಳು, ಪುಕ್ಕಟೆ ಟಿಕೆಟ್ ಅಲ್ಲವೇ ಅಂತ. ಅತ್ತೆಯ ಮುಖ ಬಿಗಿಯಿತು. ಆಮೇಲೆ ನನ್ನ ಮುಂದೆ ಕಿಡಿಕಾರಿದಳು. "ಫುಕಟ್ ಅಂತ ಫುಕಟ್. ಇರುವಿಯಂಥ ಅಕ್ಷರದಾಗ ಅವರು ನಿಯಮ ಬರೀತಾರ, ಕಣ್ಣು ಕೆಂಪಗ ಮಾಡ್ಕೊಂಡು ನಾ ಓದತೀನಿ. ಅದು ದುಡಿತ ಅಲ್ಲೇನು?"

ಹೀಗಿರುವಾಗ ಅಪ್ಪ, ಅಮ್ಮ ಮದುವೆಯೊಂದಕ್ಕೆ ದೆಹಲಿಗೆ ಹೋದರು. ಮಾರನೆಯ ಬೆಳಿಗ್ಗೆ ಅಮ್ಮನ ಫೋನ್. ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದಾರೆ, ನಾಳೆ ಸ್ಟೆಂಟ್ ಹಾಕುತ್ತಾರೆ. ನಾನು ಟಿಕೆಟ್ ಹುಡುಕಿದೆ. ಸಾಲು ರಜೆ, ದೆಹಲಿಗೆ ಒಂದು ಸೀಟೂ ಇಲ್ಲ.

ಅತ್ತೆ ಅಳಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಫೋನ್ ತೆರೆದಳು. "ರೊಕ್ಕಾ ಕೊಡೋರಿಗೆ ಬಾಗಿಲಾ ಹಾಕ್ಯಾರ. ನಮ್ಮ ಬಾಗಿಲಾ ಬ್ಯಾರೆ ಅದ, ತಡಿ." ಸ್ವಲ್ಪ ಹೊತ್ತಿನಲ್ಲಿ ತಲೆ ಎತ್ತಿದಳು. ಚೆನ್ನೈ ಮೇಲೆ ದೆಹಲಿಗೆ, ಪಾಯಿಂಟ್‌ನವರಿಗೆಂದು ಇಟ್ಟಿದ್ದ ಎರಡು ಸೀಟು.

ವಿಮಾನ ನಿಲ್ದಾಣದ ಕೌಂಟರ್‌ನಲ್ಲಿದ್ದ ಯುವಕ ಕಂಪ್ಯೂಟರ್ ನೋಡಿ ತಲೆ ಕೆರೆದುಕೊಂಡ. ಇದ್ದ ಸೀಟಿಗಿಂತ ಹೆಚ್ಚು ಟಿಕೆಟ್ ಮಾರಿದ್ದರು. "ಸಾರಿ ಮೇಡಮ್, ಮೀವಿ ಫ್ರೀ ಟಿಕೆಟ್ಲು ಕದಾ, ರೇಪು ವೆಳ್ಳಂಡಿ." ನಿಮ್ಮದು ಬಿಟ್ಟಿ ಟಿಕೆಟ್ಟಲ್ಲವೇ, ನಾಳೆ ಹೋಗಿ ಅಂತ.

ಅತ್ತೆ ಕೈಚೀಲವನ್ನು ಕೌಂಟರ್ ಮೇಲೆ ಇಟ್ಟಳು. ಕಷ್ಟಪಟ್ಟು ಕಲಿತ ತೆಲುಗೆಲ್ಲ ಆ ಕ್ಷಣದಲ್ಲಿ ಬಿಟ್ಟುಹೋಗಿ ಶುದ್ಧ ಧಾರವಾಡ ಉಳಿಯಿತು. "ಟಿಕೆಟ್ ನೀವು ಮಾರೀರಿ, ನಾ ಕೊಂಡೀನಿ. ಎದರಿಂದ ಕೊಂಡೆ ಅನ್ನೋದು ನಿಮಗ್ಯಾಕ? ಅಲ್ಲಿ ನನ್ನ ತಮ್ಮ ಮಲಗ್ಯಾನ. ಈ ಜಾಗಾ ಬಿಟ್ಟು ನಾ ಕದಲಂಗಿಲ್ಲ."

ಯುವಕನಿಗೆ ಭಾಷೆ ತಿಳಿಯಲಿಲ್ಲ, ವಿಷಯ ತಿಳಿಯಿತು. ಮ್ಯಾನೇಜರ್ ಬಂದರು. ಸೀಟು ಸಾಲದಿದ್ದರೆ ತಾವಾಗಿ ಬಿಟ್ಟುಕೊಡುವವರಿದ್ದಾರೆಯೇ ಎಂದು ಮೊದಲು ಪ್ರಯಾಣಿಕರನ್ನು ಕೇಳಬೇಕು, ಕೇಳಿದಿರಾ ಎಂದು ಅತ್ತೆ ಅವರದೇ ನಿಯಮವನ್ನು ಅವರಿಗೇ ಒಪ್ಪಿಸಿದಳು. ಕೇಳಿರಲಿಲ್ಲ. ಈಗ ಕೇಳಿದರು. ಸಾಲಿನಲ್ಲಿದ್ದ ಇಬ್ಬರು ಗೆಳೆಯರು ಪರಿಹಾರ ಕೊಡುತ್ತಾರೆಂದು ತಿಳಿದು ಖುಷಿಯಿಂದ ಹಿಂದೆ ಸರಿದರು. ಅತ್ತೆ ಅವರ ಬಳಿ ನಿಂತು, ಊಟದ ಕೂಪನ್ನನ್ನೂ ಕೇಳಿ ಪಡೆಯಿರೆಂದು ಹೇಳಿಕೊಟ್ಟಳು. ಮ್ಯಾನೇಜರ್ ಆಕಾಶ ನೋಡಿದರು.

ಅಪ್ಪ ಈಗ ಚೆನ್ನಾಗಿದ್ದಾರೆ, ಸಂಜೆ ವಾಕಿಂಗ್ ಹೋಗುತ್ತಾರೆ. ಆದ್ದರಿಂದ ಆ ವಿಮಾನದೊಳಗೆ ನಡೆದದ್ದನ್ನು ನಿಶ್ಚಿಂತೆಯಿಂದ ಹೇಳಬಹುದು.

ಕೂತ ಮೇಲೆ ಅತ್ತೆ ಸೀಟ್ ಬೆಲ್ಟಿನ ಎರಡು ತುದಿಗಳನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ನಾನು ನಕ್ಕೆ. "ಎಷ್ಟು ಸಲ ಹಾಕಿರಬೇಕು ನೀ, ಮರತಿಯೇನು?"

"ಇದ ಮೊದಲನೇ ಸಲ," ಎಂದಳು.

ಆಗ ಹೊಳೆಯಿತು. ಆಕೆ ಧಾರವಾಡಕ್ಕೆ ಹೋದದ್ದು, ಬಂದದ್ದು, ನಮ್ಮ ಮನೆಗೆ ಬಂದದ್ದು, ಎಲ್ಲವೂ ರೈಲಿನಲ್ಲೇ. ನಮಗೆಲ್ಲ ಹಂಚಿದ ಮೇಲೆ ಆ ಸಲ ಆಕೆಗೆ ಸೀಟು ಉಳಿದಿರಲಿಕ್ಕಿಲ್ಲ ಎಂದೇ ಪ್ರತಿ ಸಲವೂ ನಾವು ತಿಳಿದಿದ್ದೆವು.

"ಅಂಜಿಕಿ ಆಗತದವಾ," ಎಂದಳು, ಬೇರೆ ಯಾರಿಗೂ ಕೇಳದ ಹಾಗೆ.

"ಮತ್ತ ಇಷ್ಟು ವರ್ಷ ಇದೆಲ್ಲಾ ಯಾಕ ಮಾಡಿದಿ, ಅತ್ತೀ?"

"ಅಂಜಿಕಿ ನನಗ. ನಿಮಗೇನಾಗೇದ? ನೀವು ಹೋಗಿ ಬರಬೇಕಲ್ಲಾ."

ವಿಮಾನ ಓಡತೊಡಗಿತು. ಆಕೆ ಕಣ್ಣು ಬಿಗಿಯಾಗಿ ಮುಚ್ಚಿ ನನ್ನ ಕೈ ಹಿಡಿದಳು. ಬಳೆ ಒತ್ತಿ ನೋಯಿತು, ಬಿಡಿಸಿಕೊಳ್ಳಲು ಮನಸ್ಸಾಗಲಿಲ್ಲ. ಮೇಲೇರಿದಾಗ, "ಸಮುದ್ರ ಕಾಣ್ತದ, ನೋಡು," ಎಂದೆ.

"ನಾ ಕಣ್ಣು ತಗಿಯಂಗಿಲ್ಲ. ನೀ ನೋಡಿ ಹೇಳು."

ಹೇಳಿದೆ. ದಂಡೆಗುಂಟ ನೊರೆಯ ಬಿಳಿ ಗೆರೆ. ಬಂದರಿನಾಚೆ ಸರದಿಗೆ ಕಾದು ನಿಂತ ಹಡಗುಗಳು. ದೂರದಲ್ಲಿ ಋಷಿಕೊಂಡದ ಗುಡ್ಡ ಇರಬೇಕು, ಅದರ ಮೇಲೆ ಬೆಂಕಿಪೊಟ್ಟಣದಂಥ ಕಟ್ಟಡಗಳು. ಆಮೇಲೆ ಮೋಡ ಮುಸುಕಿತು. ಅತ್ತೆ ನನ್ನ ಕೈ ಒತ್ತಿದಳು.

"ಮುಂದ?"

"ಮುಂದ ಏನೂ ಇಲ್ಲ ಅತ್ತೀ, ಬರೇ ಬೆಳ್ಳಗ ಅದ."

"ಅದನ್ನ ಹೇಳು," ಎಂದಳು.