ನಮ್ಮ ಸಂಕದ ನೋವಿನ ಚಿತ್ರ

ನಮ್ಮ ಮನೆಗೆ ಯಾರದ್ದೋ ಶಾಪ ಇದೆ. ಅಳೋ ಹೊತ್ತಿಗೆ ಸರಿಯಾಗಿ ನಗೋ ಅಂಥದ್ದು ಏನಾದರೂ ಒಂದು ಆಗಿಯೇ ಆಗ್ತದೆ. ನನ್ನ ಅಪ್ಪ ಸತ್ತ ದಿನ ಅಂಗಳಕ್ಕೇ ಹುಲಿ ಬಂದಿತ್ತು. "ಹೆಣ ನೋಡೋದಾದ್ರೆ ಸಾಲಿನ ಹಿಂದೆ ನಿಂತ್ಕೊಂಡು ಬಾ" ಅಂತ ಗದರಿಸಿ ಕಳಿಸಿದವನು ನಾನೇ. ನಂಬದವರು ಬಿಡಿ. ಈ ವರ್ಷದ್ದಕ್ಕೆ ಮಾತ್ರ ಊರೇ ಸಾಕ್ಷಿ.

ನಾನು ಮರ ಕೊಯ್ದು ಬದುಕಿದವನು. ಶಾಲೆ ಹತ್ತಿದ್ದೇನೆ, ಹೆಂಚು ಹೊದೆಸೋಕೆ. ಮಾಸ್ತಿಕಟ್ಟೆಯಿಂದ ಒಳಗೆ ನಮ್ಮ ಮನೆ. ಮನೆಗೂ ರಸ್ತೆಗೂ ನಡುವೆ ಹಳ್ಳ, ಹಳ್ಳಕ್ಕೆ ಅಡ್ಡಲಾಗಿ ನಾನೇ ಹಾಕಿದ ಸಂಕ. ಎರಡು ದಿಮ್ಮಿ, ಮೇಲೆ ಅಡಿಕೆ ದಬ್ಬೆ ಹಾಸು, ಕೈಗೆ ಒಂದು ಬಿದಿರು. ನನ್ನ ಹೆಂಡತಿಗೆ ಕಿಡ್ನಿ ಎರಡೂ ಹೋಗಿದ್ದವು. ವಾರಕ್ಕೆರಡು ಸಲ ಸಾಗರದ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಹೋಗಬೇಕು. ಕುರ್ಚಿಗೆ ಬಿದಿರು ಕಟ್ಟಿ, ನಾಲ್ಕು ಜನ ಹೊತ್ತು ಸಂಕ ದಾಟಿಸಿ ಜೀಪು ಹತ್ತಿಸ್ತಿದ್ದೆವು. ಮಳೆಗಾಲ ಮುಗಿಯೋವರೆಗೆ ಸಂಕ ನಿಂತರೆ ಅವಳು ನಿಂತಳು, ಅಷ್ಟೇ ಲೆಕ್ಕ.

೧. ನೋವು ಎಲ್ಲಿ ಎತ್ತರ

ಮೊಮ್ಮಗಳು ತೀರ್ಥಹಳ್ಳಿಯಲ್ಲಿ ಸಿವಿಲ್ ಡಿಪ್ಲೊಮಾ ಓದ್ತಾಳೆ. ತೊಲೆ, ಭಾರ ಅಂತ ಒಂದು ಪೇಪರಿದೆಯಂತೆ, ಅದರಲ್ಲಿ ಫೇಲಾಗಿ ಮನೆಗೆ ಬಂದಳು. ಅಜ್ಜಿ ಮಂಚದ ಪಕ್ಕ ಕೂತು ದಿನವಿಡೀ ಬೆಂಡಿಂಗ್ ಮೊಮೆಂಟ್ ಚಿತ್ರ ಬರೆಯೋದೇ ಕೆಲಸ.

ಒಂದು ದಿನ ಇಣುಕಿದೆ. ಗೆರೆ ಎಳೆದು ಅದರ ಮೇಲೆ ಗುಡ್ಡ ಬರೆದಿದ್ದಳು.

"ಕೂಸೇ, ಭಾರ ಬಿದ್ರೆ ದಿಮ್ಮಿ ಕೆಳಕ್ಕೆ ಬಗ್ತದೆ. ನೀನೆಂತ ಮೇಲಕ್ಕೆ ಉಬ್ಬಿಸಿದ್ದೀಯ? ಫೇಲಾಗದೆ ಇನ್ನೇನು!"

"ಇದು ದಿಮ್ಮಿಯ ಚಿತ್ರ ಅಲ್ಲ ಅಜ್ಜ. ದಿಮ್ಮಿಯ ನೋವಿನ ಚಿತ್ರ. ಎಲ್ಲಿ ಜಾಸ್ತಿ ಬಗ್ಗಿಸ್ತದೋ ಅಲ್ಲಿ ಎತ್ತರ. ದಡದ ಮೇಲೆ ಕೂತ ತುದಿ ಎರಡೂ ಸೊನ್ನೆ."

ಮಂಚದಿಂದ ಹೆಂಡತಿ ಅಂದಳು: "ನಂದೂ ಒಂದು ಬರಿ ಮಗಾ."

"ಎಲ್ಲಿ ಎತ್ತರ ಬರೀಲಿ ಅಜ್ಜಿ?"

"ಹುಟ್ಟಿದಲ್ಲಿ ಸೊನ್ನೆ, ಹೋಗೋ ಕಡೆನೂ ಸೊನ್ನೆ. ನಡುವೆ ನಿಮ್ಮಜ್ಜನ್ನ ಕೂರಿಸು."

೨. ಎಮ್ಮೆಯಿಂದ ಬಂದ ಬುದ್ಧಿ

ನಾನೂ ಬಿಡಲಿಲ್ಲ. ನೆಲದ ಮೇಲೆ ಇದ್ದಿಲಲ್ಲಿ ಗುಡ್ಡ ಬರೆಯೋದು ಕಲಿತೆ. ಭಾರ ದಡದ ಹತ್ತಿರ ಇದ್ರೆ ಗುಡ್ಡ ಗಿಡ್ಡ, ನಡುವೆ ಬಂದ್ರೆ ಎತ್ತರ. ನಮ್ಮ ಕುರ್ಚಿ, ಹೊರೋರು ಎಲ್ಲ ಒತ್ತೊತ್ತಾಗಿ ನಡುವೆ ಬಂದಾಗಿನದ್ದು ಬರೆದು ಮೊಮ್ಮಗಳು ಪೆನ್ನು ಕೆಳಗಿಟ್ಟಳು. "ಇದು ತಡೆಯಲ್ಲ ಅಜ್ಜ. ದಿಮ್ಮಿ ಹಳೇದು."

ನನಗೆ ಸಿಟ್ಟು ಬಂತು. "ನನ್ನ ಸಂಕದ ಮೇಲೆ ತುಂಬಿದ ಗಬ್ಬದ ಎಮ್ಮೆ ದಾಟಿದೆ, ಗೊತ್ತಾ? ನಟ್ಟನಡುವೆ ನಿಂತು ಕರು ಹಾಕ್ತು. ಹತ್ತಿದ್ದು ಒಂದು, ಇಳಿದದ್ದು ಎರಡು. ಸಂಕ ಕಿರ್ ಅನ್ನಲಿಲ್ಲ!"

ಅವಳು ನಗಲಿಲ್ಲ. ಯೋಚನೆ ಮಾಡಿದಳು. "ಅನ್ನಲ್ಲ ಅಜ್ಜ. ಒಟ್ಟು ಭಾರ ಅಷ್ಟೇ. ಕರು ಮುಂದೆ ಹೋಯ್ತು, ಎಮ್ಮೆ ಹಿಂದೆ ಉಳೀತು. ಹಂಚಿದ ಮೇಲೆ ನೋವು ಕಮ್ಮಿ. ಕುರ್ಚಿಗೂ ಉದ್ದ ಬಿದಿರು ಕಟ್ಟಿ. ಹೊರೋರು ದೂರ ದೂರ ನಡೀಲಿ."

ಹಾಗೇ ಕಟ್ಟಿದೆ. ಸಂಕ ಮೊದಲಿನಷ್ಟು ಕುಲುಕಲಿಲ್ಲ. ನನ್ನದೇ ಉಪಾಯ ಅಂತ ಊರೆಲ್ಲ ಹೇಳಿದೆ. ಹೆಂಡತಿ ಮಾತ್ರ ಕುರ್ಚಿಯಿಂದಲೇ ಅಂದಳು: "ಹುಟ್ಟದೇ ಇರೋ ಎಮ್ಮೆಕರು ನಂಬ್ಕೊಂಡು ಹಳ್ಳ ದಾಟ್ತಿದೀನಿ. ಡಾಕ್ಟ್ರಿಗೆ ಹೇಳ್ಬೇಡಿ, ಮೊದಲು ನಿಮ್ಮನ್ನ ಮಲಗಿಸ್ತಾರೆ."

೩. ಮಿಲ್ಲಿನವನ ಬಾಣ

ಹೊರುವ ನಾಲ್ವರಲ್ಲಿ ಅಕ್ಕಿ ಮಿಲ್ಲಿನವನೂ ಒಬ್ಬ. ಆಳು ಅಂದ್ರೆ ಆಳು, ಅವನು ಕೂತ ಬೆಂಚು ಅವನ ಆಕಾರಕ್ಕೇ ಬಂದಿದೆ. ಚಿತ್ರದಲ್ಲಿ ಭಾರ ತೋರಿಸೋಕೆ ಬಾಣ ಬರೀಬೇಕು, ಭಾರ ಜಾಸ್ತಿಯಾದಷ್ಟೂ ಬಾಣ ಉದ್ದ. ಮೊಮ್ಮಗಳು ಬರೆದದ್ದು ಅವನ ಕಣ್ಣಿಗೆ ಬಿತ್ತು.

"ಇದು ಯಾರದ್ದೇ?"

"ನಿಮ್ದು ಮಾವ."

"ಉಳಿದವರದ್ದು ಕಡ್ಡಿ, ನಂದು ಒನಕೆಯಾ? ನನ್ನ ಮರ್ಯಾದೆ ತೆಗೆಯೋಕೆ ಕಾಲೇಜಿಗೆ ಹೋಗಿದ್ದಾ? ಅದನ್ನ ಗಿಡ್ಡ ಮಾಡೋವರೆಗೆ ಹೆಗಲು ಕೊಡಲ್ಲ."

ಜಗಲಿ ಮೇಲೆ ಕೂತೇಬಿಟ್ಟ. ಆವತ್ತು ಆಸ್ಪತ್ರೆ ದಿನ. ಹೆಂಡತಿಯ ಕಾಲು ಬಾತು ಕಂಬದ ಹಾಗಾಗಿತ್ತು, ಉಸಿರು ಎಳೀತಿತ್ತು. ಆಚೆ ದಡದಲ್ಲಿ ಜೀಪಿನವನು ಹಾರ್ನ್ ಹೊಡೀತಿದ್ದ. ಮೊಮ್ಮಗಳು ಕಣ್ಣೊರೆಸಿಕೊಂಡು ಬಾಣ ಅಳಿಸಿ ಗಿಡ್ಡ ಬರೆದಳು. ಅವನು ಎದ್ದು ಬಿದಿರಿಗೆ ಹೆಗಲು ಕೊಟ್ಟ. ನಡುವೆ ಬರೋ ಹೊತ್ತಿಗೆ ಸಂಕ ಕಿರ್ರೋ ಅಂತು.

"ಕಾಗದದಲ್ಲಿ ಅವರು ತೆಳ್ಳಗಾದ್ರು ಅಜ್ಜ, ಸಂಕಕ್ಕೆ ಅದು ಗೊತ್ತಾಗಬೇಕಲ್ಲ?" ಅಂದಳು ಮೊಮ್ಮಗಳು.

ಆ ಉಸಿರಿನಲ್ಲೂ ಕುರ್ಚಿಯಿಂದ ಮಾತು ಬಂತು: "ಸಂಕಕ್ಕೆಲ್ಲಿ ಓದೋಕೆ ಬರ್ತದೆ ಮಗಾ, ನಿಮ್ಮಜ್ಜ ಹಾಕಿದ್ದಲ್ವಾ."

೪. ಅರ್ಧ ದಾರಿ

ಆಷಾಢದ ಮಳೆಯಲ್ಲಿ ಒಂದು ಬೆಳಗ್ಗೆ ಹೆಂಡತಿ ಹೋದಳು. ಕಾಫಿ ಕೇಳಿದಳು. ತಂದಾಗ ಇರಲಿಲ್ಲ.

ಸುಡುಗಾಡು ಇರೋದು ಹಳ್ಳದ ಆಚೆ. ನಮ್ಮಲ್ಲಿ ಒಂದು ಪದ್ಧತಿ: ಅರ್ಧ ದಾರಿಯಲ್ಲಿ ಚಟ್ಟ ಇಳಿಸಬೇಕು, ಎಲ್ಲರೂ ಸುತ್ತ ನಿಂತು ಅಕ್ಕಿ ಹಾಕಬೇಕು. ನಮ್ಮ ಮನೆಯಿಂದ ಅರ್ಧ ದಾರಿ ಅಂದ್ರೆ ಸಂಕದ ನಟ್ಟನಡು. ನಮ್ಮ ಹಿರೀಕರು ಯಾರಿಗೂ ತೊಂದರೆ ಕೊಡದೆ ಬೇಸಿಗೆಯಲ್ಲೇ ಸಾಯ್ತಿದ್ದರು, ಒಣ ಹಳ್ಳದಲ್ಲಿ ಇಳಿಸ್ತಿದ್ದೆವು. ಈಗ ಕೆಳಗೆ ಕೆಂಪು ನೀರು.

"ಅಲ್ಲಿ ಇಳಿಸದಿದ್ರೆ ಜೀವ ಅಲ್ಲೇ ನಿಲ್ತದೆ" ಅಂದ ಊರ ಹಿರಿಯ.

"ಅಲ್ಲಿ ಇಳಿಸಿ ಎಲ್ಲರೂ ಸುತ್ತ ನಿಂತ್ರೆ ನಿಮ್ಮೆಲ್ಲರ ಜೀವನೂ ಅಲ್ಲೇ ನಿಲ್ತದೆ" ಅಂದಳು ಮೊಮ್ಮಗಳು, ಅಳ್ತಾ. "ನೋವು ಎತ್ತರ ಇರೋದೇ ಅಲ್ಲಿ. ಅಜ್ಜೀನ ನೀರಿಗೆ ಹಾಕ್ಬೇಡಿ."

ಇಬ್ಬರೂ ಜಗ್ಗಲಿಲ್ಲ. ಆಗ ನಾನು ಅಂದೆ: "ದಾರಿ ಉದ್ದ ಮಾಡಿ. ಅರ್ಧ ತಾನಾಗೇ ಈಚೆ ಸರೀತದೆ."

ಹಿರಿಯ ಬೆರಳು ಮಡಿಸಿ ಮಡಿಸಿ ನೋಡಿ ಹೂಂ ಅಂದ. ಚಟ್ಟ ಎತ್ತಿ ಮೊದಲು ಮನೆ ಸುತ್ತ ಹೊರಟೆವು. ಬಾವಿಕಟ್ಟೆ, ಕೊಟ್ಟಿಗೆ, ಗೊಬ್ಬರಗುಂಡಿ, ಅವಳು ನೆಟ್ಟ ದಾಸವಾಳ. ಮಂಚ ಹಿಡಿದ ಮೇಲೆ ಅವಳು ಅತ್ತ ಹೋಗಿರಲಿಲ್ಲ. ಅರ್ಧ ದಾರಿ ಸರಿಯಾಗಿ ಈಚೆ ದಡಕ್ಕೆ ಬಂತು. ಅಲ್ಲೇ ಇಳಿಸಿ ಅಕ್ಕಿ ಹಾಕಿದೆವು.

ಹೆಂಗಸರು ಅಲ್ಲಿಗೇ ನಿಲ್ಲಬೇಕು. ಮೊಮ್ಮಗಳು ದಡದಿಂದಲೇ ಕೂಗಿ ದಾಟಿಸಿದಳು: "ದೂರ ದೂರ! ಗುಂಪಾಗ್ಬೇಡಿ!" ಬೆಂಕಿ ಮಡಕೆ ಹಿಡಿದು ನಾನು ಮುಂದೆ. ಚಟ್ಟ ಹಿಂದೆ. ದಾಟಿತು.

ಕೊನೆಗೆ ಉಳಿದವನು ಮಿಲ್ಲಿನವನು. ಮಳೆಗೆ ಚಿತೆ ಹತ್ತಲ್ಲ ಅಂತ ತೆಂಗಿನ ಗರಟದ ಮೂಟೆ ಹೊತ್ತಿದ್ದ. "ಮಾವ, ಮೂಟೆ ಲೆಕ್ಕದಲ್ಲಿಲ್ಲ!" ಅಂತ ಅವಳು ಕೂಗೋದರೊಳಗೆ ನಡುವಿಗೆ ಬಂದಿದ್ದ. ಲಟಕ್! ಅವಳು ಗುಡ್ಡದ ತುದಿ ಬರೆದಿದ್ದ ಜಾಗದಲ್ಲೇ ಸಂಕ ಎರಡಾಯ್ತು.

ಅವನೂ ಮೂಟೆಯೂ ನೀರೊಳಗೆ. ಗರಟಗಳು ತೇಲಿ ಹೋದವು. ಅವುಗಳ ಹಿಂದೆ, ಅಷ್ಟು ದೂರದಲ್ಲಿ, ಅತ್ತಿಮರದ ಬೇರು ಹಿಡಿದು ಅವನು ತಲೆ ಎತ್ತಿದ. ನೀರು ಉಗುಳಿ ಮೊಮ್ಮಗಳ ಕಡೆ ತಿರುಗಿ ಕೂಗಿದ:

"ಒನಕೆನೇ ಇರ್ಲಿ ಅಂತ ಗಟ್ಟಿಯಾಗಿ ಹೇಳೋದಲ್ವೇನೇ!"

ಈಚೆ ದಡದಲ್ಲಿ ಹೆಂಗಸರು, ಆಚೆ ದಡದಲ್ಲಿ ಗಂಡಸರು, ಅಳ್ತಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಸಂಕ ಮುರೀತು ಅಂತ ಈಗಲೂ ಆಡ್ಕೊಳ್ಳೋರಿದ್ದಾರೆ. ಯಾರಿಗೆ ಅಂತ ಹಾಕಿದ್ದೆನೋ ಅವಳನ್ನ ದಾಟಿಸಿಯೇ ಮುರಿದದ್ದು. ನಾನು ತಿರುಗಿ ನೋಡಿದಾಗ ಹೊತ್ತವರ ನಗುವಿಗೆ ಚಟ್ಟ ಗಡಗಡ ಕುಲುಕ್ತಿತ್ತು. ಬೇರೆ ಕಥೆ ನಂಬದಿದ್ರೆ ಬಿಡಿ, ಇದನ್ನ ನಂಬಿ: ಎಲ್ಲರಿಗಿಂತ ಜಾಸ್ತಿ ನಕ್ಕವಳು ಅವಳೇ.