ಜೋಗುಳದ ಹಿಂದಿನ ತಂಬೂರಿ

ನಮ್ಮ ಮನೆಯಲ್ಲಿ ಬೆಲೆಕಟ್ಟಲಾಗದ ವಸ್ತುವೆಂದರೆ ಒಂದೇ, ಒಂದು ಹಳೆಯ ಕ್ಯಾಸೆಟ್ಟು. ಮೂವತ್ತೊಂದು ವರ್ಷಗಳ ಹಿಂದೆ, ಮಗಳು ಎಂಟು ತಿಂಗಳ ಕೂಸಾಗಿದ್ದಾಗ, ಒಂದು ಭಾನುವಾರ ಮಧ್ಯಾಹ್ನ ನನ್ನಾಕೆ ಹಾಡಿದ ಜೋಗುಳವನ್ನು ನಾನು ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು, ಎವೆಯಿಕ್ಕದೆ ಕುಳಿತು ಹಿಡಿದಿಟ್ಟಿದ್ದೆ. (‘ಎವೆಯಿಕ್ಕದೆ’ ಎಂಬುದನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.)

ಆ ಹಾಡಿನ ಹಿಂದೆ ಮಂದವಾಗಿ ತಂಬೂರಿಯ ನಾದ ಕೇಳಿಸುತ್ತದೆ. ಮನೆಯಲ್ಲಿ ತಂಬೂರಿಯೇ ಇರಲಿಲ್ಲ! ಆ ಕಂಠಕ್ಕೆ ಮಾರುಹೋಗಿ ನಮ್ಮ ಬಾಡಿಗೆ ಮನೆಯ ಗೋಡೆಗಳೇ ಶ್ರುತಿ ಹಿಡಿದವೆಂದು, ಶಾಲೆಯ ಸಹೋದ್ಯೋಗಿಗಳಿಂದ ಹಲ್ಲಿನ ಡಾಕ್ಟರರವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ನಾನು ಹೇಳುವಾಗಲೆಲ್ಲ ನನ್ನಾಕೆ ಏನೋ ಹೇಳಹೊರಟು, ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ನಾಚಿಕೆಯೆಂದುಕೊಂಡಿದ್ದೆ.

ಈಗ ಮಗಳು ಮೂರು ತಿಂಗಳ ಕೂಸಿನೊಡನೆ ಬಂದಿದ್ದಾಳೆ. ಕೂಸಿಗೆ ನಿದ್ದೆಯೆಂದರೆ ಆಗದು. ನನ್ನಾಕೆಯೋ ಗಂಟಲು ಒಡೆಯುತ್ತದೆಂದು ಹಾಡುವುದನ್ನೇ ಬಿಟ್ಟು ವರ್ಷಗಳಾದವು.

“ಅಪ್ಪಾ, ಅಮ್ಮನ ಜೋಗುಳ ಹಾಕಪ್ಪ. ಇವನು ಮಲಗಿದ್ರೆ ನಾನೂ ಒಂದು ಗಂಟೆ ಕಣ್ಣು ಮುಚ್ತೀನಿ,” ಎಂದಳು ಮಗಳು. ಅವಳ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು.

ಸವೆದ ಕ್ಯಾಸೆಟ್ಟನ್ನು ಅಂಗಡಿಗೆ ಕೊಟ್ಟು, ಹಾಡನ್ನು ಕಂಪ್ಯೂಟರಿಗೆ ಹತ್ತಿಸಿಕೊಂಡೆ. ಇನ್ನು ಅದನ್ನು ನುಡಿಸುವ ತಂತ್ರಾಂಶ ಬೇಕು. ಲೋಕದಲ್ಲಿ ಇಷ್ಟೊಂದು ಇವೆಯೆಂದು ಯಾರಿಗೆ ಗೊತ್ತಿತ್ತು! ಆರನ್ನು ಆರಿಸಿ, ಹಾಜರಿ ಹಾಕಿ, ಪರೀಕ್ಷೆ ನಡೆಸಿದೆ. ಒಂದು ಹಾಡಿನ ನಡುವೆ ಸಾಬೂನಿನ ಜಾಹೀರಾತು ಹೇಳಿತು; ತರಗತಿಯಿಂದ ಹೊರಕ್ಕೆ ಕಳುಹಿಸಿದೆ. ಇನ್ನೊಂದು ಕರೆದರೆ ಓಗೊಡಲಿಲ್ಲ.

“ರೀ, ಮಗು ಕಾಲೇಜಿಗೆ ಹೋಗೋಷ್ಟರಲ್ಲಿ ಫಲಿತಾಂಶ ಬರುತ್ತಾ?” ಎಂದು ಅಡುಗೆಮನೆಯಿಂದ ಪ್ರಶ್ನೆ ಬಂದಿತು.

ಕೊನೆಗೊಂದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು. ಅದಕ್ಕೆ ಜೊತೆಯಾಗಿ, ತೊಟ್ಟಿಲಿಗೆ ತೂಗುಹಾಕಬಹುದಾದ ಅಂಗೈಯಗಲದ ಸ್ಪೀಕರೊಂದನ್ನು ತಂದೆ. ಇವೆರಡಕ್ಕೂ ನಡುವೆ ತಂತಿಯಿಲ್ಲ! ಗಾಳಿಯಲ್ಲಿ ಹಾಡು ಹಾದುಹೋಗುತ್ತದೆ! ನಾನು ಎರಡು ಸಲ ನಡುವೆ ಕೈಯಾಡಿಸಿ ನೋಡಿದೆ.

ಆ ತಂತ್ರಾಂಶದಲ್ಲಿ ದನಿಯನ್ನು ಏರಿಸಿ ಇಳಿಸುವ ಹತ್ತು ಪಟ್ಟಿಗಳು ಮಕ್ಕಳಂತೆ ಸಾಲಾಗಿ ನಿಂತಿದ್ದವು. ಬಲಗಡೆಯವು ಎತ್ತರದಲ್ಲಿ, ಎಡಗಡೆಯ ಮೂರು ಪಾಪ, ತಳದಲ್ಲಿ. ಅವು ತಗ್ಗಿನ ದನಿಗೆ ಸೇರಿದವೆಂದು ಬರೆದಿತ್ತು. ಜೀವನವಿಡೀ ಹಿಂದಿನ ಬೆಂಚಿನವರಿಗೆ ಕೃಪಾಂಕ ಕೊಟ್ಟ ಕೈ ಸುಮ್ಮನಿರುತ್ತದೆಯೇ? ಮೂರಕ್ಕೂ ನೂರಕ್ಕೆ ನೂರು ಕೊಟ್ಟೆ.

ಗುಂಡಿ ಒತ್ತಿದೆ. ಆಹಾ! ಮೂವತ್ತೊಂದು ವರ್ಷ ನಾನು ಕೇಳಿದ್ದು ಹಾಡಿನ ನೆರಳನ್ನು ಮಾತ್ರ. ಈಗ ಬಳೆಗಳು ತೊಟ್ಟಿಲ ಕಂಬಿಗೆ ತಾಕುವುದು ಕೇಳಿಸಿತು. ಬಚ್ಚಲಿನ ನಲ್ಲಿ ತೊಟ್ಟಿಕ್ಕುವುದು ಕೇಳಿಸಿತು. ಪ್ರತಿ ಸಾಲಿಗೂ ಮುನ್ನ ಇಪ್ಪತ್ತಾರು ವರ್ಷದ ಆಕೆ ಎಳೆದುಕೊಂಡ ಉಸಿರು ಕೇಳಿಸಿತು.

ಆಮೇಲೆ ತಂಬೂರಿ ಎದ್ದಿತು. ಕೋಣೆಯೆಲ್ಲ ತುಂಬಿತು.

“ಅಪ್ಪಾ, ತಂಬೂರಿ ಉಸಿರೆಳೆದುಕೊಳ್ತಾ ಇದೆ!” ಎಂದಳು ಮಗಳು.

“ಶ್! ನಾದವೆಂದರೆ ಹಾಗೇ.”

ಅಷ್ಟರಲ್ಲಿ ನಾದವು ‘ಖೊರ್ರ್’ ಎಂದು ಮುಗ್ಗರಿಸಿ, ತುಟಿ ಚಪ್ಪರಿಸಿತು. ಹಾಡು ನಿಂತಿತು. ಇದುವರೆಗೆ ಕ್ಯಾಸೆಟ್ಟಿನ ಗೊರಗೊರ ಸದ್ದಿನಲ್ಲಿ ಮುಚ್ಚಿಹೋಗಿದ್ದ ಪಿಸುಮಾತು ಸ್ಪೀಕರಿನಿಂದ ಸ್ಪಷ್ಟವಾಗಿ ಹೊರಬಂತು: “ನೀನು ಯಾವಾಗ ಮಲಗ್ತೀಯೇ ಪುಟ್ಟಿ? ನಿಮ್ಮಪ್ಪ ನೋಡು, ಮೊದಲನೇ ಸಾಲಿಗೇ ಹೊರಟುಹೋದ್ರು.”

ಮಗಳು ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. (ಶ್ರುತಿ ಹಿಡಿಯದ ಗೋಡೆ!)

“ಗೊತ್ತಿದ್ದೂ ಯಾಕೆ ಹೇಳಲಿಲ್ಲ?” ಎಂದು ನನ್ನಾಕೆಯನ್ನು ಕೇಳಿದೆ.

“ಗೋಡೆಗಳೇ ಶ್ರುತಿ ಹಿಡಿದವು ಅಂತ ಅಷ್ಟು ಚೆನ್ನಾಗಿ ಹೇಳ್ತಿದ್ರಿ. ಕೇಳೋಕೆ ನನಗೂ ಇಷ್ಟ ಇತ್ತು.”

ತಡಬಡಿಸಿ ಕಂಪ್ಯೂಟರಿನತ್ತ ತಿರುಗಿದೆ. ‘ಬೇಡದ ಸದ್ದು ತೆಗೆಯಿರಿ’ ಎಂಬ ಗುಂಡಿ ಒತ್ತಿದೆ. ಗೊರಕೆ ಮಾಯವಾಯಿತು; ಜೋಗುಳ ಮಾತ್ರ ಹಾಲಿನಂತೆ ಹರಿಯಿತು. ಆಗಲೇ ಸದ್ದಿಲ್ಲದೆ ಮಲಗಿದ್ದ ಕೂಸು ಬೆಚ್ಚಿ ಎದ್ದು ಕಿರುಚತೊಡಗಿತು.

“ಅಪ್ಪಾ, ತಂಬೂರಿ ವಾಪಸ್ ಹಾಕಪ್ಪ, ಬೇಗ!”

ಹಾಕಿದೆ. ಕೂಸು ಮಲಗಿತು. ಮಗಳೂ ಮಲಗಿದಳು. ಅಂದಿನಿಂದ ದಿನವೂ ಹೀಗೆಯೇ.

ನಿನ್ನೆ ಮಧ್ಯಾಹ್ನ ಸ್ಪೀಕರಿನ ಚಾರ್ಜು ಮುಗಿದಿತ್ತು. ಕೂಸು ಮುಖ ಕಿವುಚತೊಡಗಿತು. ನಾನು ಗಡಿಬಿಡಿಯಿಂದ ಚಾರ್ಜರ್ ಹುಡುಕುತ್ತಿದ್ದರೆ, ನನ್ನಾಕೆ ತೊಟ್ಟಿಲ ಪಕ್ಕದಲ್ಲಿ ಚಾಪೆ ಹಾಸಿ, ದಿಂಬಿಟ್ಟು ಕರೆದಳು:

“ಅದೆಲ್ಲ ಯಾಕ್ರೀ? ಬನ್ನಿ, ಇಲ್ಲಿ ಮಲಗಿ. ನಾನೇ ಮೆಲ್ಲಗೆ ಹಾಡ್ತೀನಿ.”

ಎಷ್ಟೋ ವರ್ಷಗಳ ಮೇಲೆ ಆಕೆ ಹಾಡಿದಳು. ಮೊದಲನೆಯ ಸಾಲು ಅದ್ಭುತವಾಗಿತ್ತು. ಉಳಿದದ್ದು ಹೇಗಿತ್ತೆಂದು ಮಗಳನ್ನೇ ಕೇಳಬೇಕು.